ಓಣಿಯ ಸಮಸ್ತ ರಹವಾಸಿಗಳು

ನಮ್ಮ ಪಕ್ಕದ ಮನೆಯವರು ದೀಪಾವಳಿಗೆಂದು ಒಂದು ಸೌಂಡ್ ಬಾಕ್ಸ್ ತಂದರು. ದೀಪಾವಳಿ ಹೋಗಿ ಯುಗಾದಿ ಬಂದರೂ ಅದು ಹೋಗಿಲ್ಲ. ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿರುವ ಸ್ಟೀಲಿನ ಲೋಟಗಳು ಸಂಜೆ ಐದಕ್ಕೆ ಒಂದನ್ನೊಂದು ತಟ್ಟಿಕೊಂಡು ಮಾತಾಡಲು ಶುರುಮಾಡುತ್ತವೆ. ನಾನು ಬೀದರಿನ ಈ ಕಾಲೋನಿಗೆ ಬಂದದ್ದೇ ನಿವೃತ್ತಿಯಾದ ಮೇಲೆ ನಾಲ್ಕು ದಿನ ತಣ್ಣಗೆ ಇರೋಣ ಎಂದು. ಇಲ್ಲಿ ತಣ್ಣಗಿರುವುದು ಎಂದರೆ ಫ್ರಿಜ್ ಒಳಗಿನ ನೀರು ಮಾತ್ರ.

ನನ್ನ ತಮ್ಮನ ಮಗಳು ಸುನೀತಾ ಕಾನೂನು ಓದಿದವಳು. ಮೊನ್ನೆ ಬಂದಾಗ ಲೋಟಗಳ ಕುಣಿತ ನೋಡಿ ಅವಳಿಗೆ ಸಿಟ್ಟು ಬಂತು. "ಅತ್ತಿ, ನೀ ಹಿಂಗ ಸುಮ್ಮ ಕೂಡಬ್ಯಾಡ. ಕಾಯ್ದಾ ಅದ" ಎಂದು ಮೊಬೈಲಿನಿಂದ ನಾಲ್ಕು ಹಾಳೆ ಪ್ರಿಂಟ್ ತೆಗೆಸಿ ತಂದುಕೊಟ್ಟಳು. ಕನ್ನಡಕ ಹಾಕಿಕೊಂಡು ಓದಿದೆ. ವಸತಿ ಪ್ರದೇಶಕ್ಕೆ ಒಂದು ಮಿತಿ, ಬಜಾರಿಗೆ ಒಂದು, ಕಾರ್ಖಾನೆಗೆ ಇನ್ನೊಂದು. ಹಗಲಿಗೆ ಇಷ್ಟು ಡೆಸಿಬೆಲ್, ರಾತ್ರಿಗೆ ಅಷ್ಟು. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಶಾಂತ ವಲಯ. ಎಲ್ಲಾ ಚೆನ್ನಾಗಿತ್ತು, ಒಂದೇ ಒಂದು ವಿಷಯ ಅರ್ಥವಾಗಲಿಲ್ಲ: ಡೆಸಿಬೆಲ್ ಅಂದರೆ ಏನು, ಅದನ್ನು ನಮ್ಮ ಮನೆಯಲ್ಲಿ ಯಾರು ಅಳೆಯಬೇಕು, ಅಳೆಯುವವರು ಬರುವಷ್ಟರಲ್ಲಿ ಹಾಡು ಮುಗಿದಿದ್ದರೆ ಏನು ಗತಿ. ಒಂದು ಅಂದೆ, ಮೂರಾದವು. ನನ್ನ ಲೆಕ್ಕ ಯಾವಾಗಲೂ ಹೀಗೆಯೇ.

"ಅರ್ಜಿ ಬರೀ ಅತ್ತಿ. ಒಬ್ಬಾಕಿ ಹೆಸರಿಲೆ ಬ್ಯಾಡ, ಎಲ್ಲಾರದೂ ಸೇರಿಸಿ ಬರೀ" ಎಂದಳು. ಬರೆಯಲು ಕುಳಿತೆ. ಮೂವತ್ತು ವರ್ಷ ಮೇಷ್ಟರಗಿತ್ತಿಯಾಗಿದ್ದವಳಿಗೆ ಒಂದು ಅರ್ಜಿ ಏನು ಮಹಾ? ಮಾನ್ಯರೇ ಎಂದು ಬರೆದೆ, ವಿಷಯ ಬರೆದೆ. ಕೆಳಗೆ ಸಹಿಯ ಜಾಗದಲ್ಲಿ ಕೈ ತಾನಾಗಿಯೇ "ಓಣಿಯ ಸಮಸ್ತ ರಹವಾಸಿಗಳು" ಎಂದು ಬರೆಯಿತು. ಈಗ ಯಾರೂ ಹೀಗೆ ಬರೆಯುವುದಿಲ್ಲ, ನಿವಾಸಿಗಳು ಎನ್ನುತ್ತಾರೆ. ಇದು ಕಾಲೋನಿ, ಓಣಿಯೂ ಅಲ್ಲ. ನಾನು ಆ ಮೂರು ಮಾತುಗಳನ್ನು ಬರೆದದ್ದು ಜೀವನದಲ್ಲಿ ಇನ್ನೊಂದೇ ಸಲ, ಹತ್ತು ವರ್ಷದವಳಿದ್ದಾಗ. ಪೆನ್ನು ಮುಚ್ಚಿ ಇಟ್ಟೆ.

ಆಗ ನಾವು ಭಾಲ್ಕಿಯಲ್ಲಿದ್ದೆವು. ನಿಜಾಮರ ಸೀಮೆಯಾಗಿದ್ದ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಬಹಳ ದಿನ ಆಗಿರಲಿಲ್ಲ. ನಮ್ಮಂಥ ಮಕ್ಕಳಿಗೆ ಅದರಿಂದ ಆದದ್ದು ಇಷ್ಟೇ: ಶಾಲೆಯ ಮುಂದಿನ ಉರ್ದು ಬೋರ್ಡು ತೆಗೆದು ಕನ್ನಡದ ಬೋರ್ಡು ಹಾಕಿದರು, ಹಳೆಯ ಬೋರ್ಡಿನ ಹಲಗೆಯನ್ನು ಹೆಡ್‌ಮಾಸ್ತರರ ಮನೆಯ ಬಚ್ಚಲಿಗೆ ಬಾಗಿಲು ಮಾಡಿದರು. ದೊಡ್ಡವರಿಗೆ ಆದದ್ದು ಬೇರೆ. ನಮ್ಮ ಅಪ್ಪ ಪ್ರಭುದಾಸ ಮಾಸ್ತರರು ಅದೇ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರು. ಔರಾದ ಕಡೆಯ ಹಳ್ಳಿಯವರು, ಮೊದಲಿನಿಂದ ಕೊನೆಯವರೆಗೆ ಉರ್ದುವಿನಲ್ಲೇ ಓದಿದವರು. ಉರ್ದುವಿನಲ್ಲಿ ಅವರು ಭಾಷಣಕ್ಕೆ ನಿಂತರೆ ತಹಸೀಲ್ದಾರರೂ ಚಹಾ ಕೆಳಗಿಟ್ಟು ಕೇಳುತ್ತಿದ್ದರಂತೆ. ಸೀಮೆಸುಣ್ಣದಿಂದ ಹಲಗೆಗೆ ಒಂದು ಸಲ ಟಕ್ ಎನಿಸಿದರೆ ಅರವತ್ತು ಹುಡುಗರ ತರಗತಿ ಉಸಿರು ಬಿಗಿಹಿಡಿಯುತ್ತಿತ್ತು. ಮನೆಯಲ್ಲೂ ಅವರು ಬಂದರೆ ಬೆಕ್ಕು ಸಹ ಮೆಲ್ಲಗೆ ನಡೆಯುತ್ತಿತ್ತು ಎಂದು ಅವ್ವ ಚೇಷ್ಟೆ ಮಾಡುತ್ತಿದ್ದಳು.

ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಇದನ್ನು ಕಂಡುಹಿಡಿದವಳು ನಾನು. ನಾವು ಮೆಥೋಡಿಸ್ಟ್ ಮಂದಿ. ಭಾನುವಾರ ಚರ್ಚಿನಲ್ಲಿ ಕನ್ನಡದ ಗೀತೆಗಳ ಪುಸ್ತಕ ಹಿಡಿದು ಹಾಡುವುದು ರೂಢಿ. ಅಪ್ಪನ ಕಂಠ ದೊಡ್ಡದು. ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಯೆತ್ತರಕ್ಕೆ ಹಿಡಿದು, ನಡುನಡುವೆ ಹಾಳೆ ತಿರುವುತ್ತಾ ಹಾಡುತ್ತಿದ್ದರು. ನಾನು ಶಾಲೆಯಲ್ಲಿ ಕನ್ನಡ ತಡೆಯಿಲ್ಲದೆ ಓದಲು ಕಲಿತಿದ್ದೆ. ಕಂಡದ್ದನ್ನೆಲ್ಲ ಓದುವ ಚಟ ಹತ್ತಿತ್ತು. ಬೆಂಕಿಪೊಟ್ಟಣ, ಔಷಧದ ಶೀಷೆ, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ಭಾನುವಾರ ಅಪ್ಪನ ಮೊಣಕೈ ಕೆಳಗಿಂದ ಕತ್ತು ಚಾಚಿ ನೋಡಿದರೆ, ಅವರು ಹಾಡುತ್ತಿದ್ದ ಹಾಡು ಒಂದು, ಕಣ್ಣ ಮುಂದೆ ಇದ್ದ ಪುಟ ಇನ್ನೊಂದು. ಮನೆಗೆ ಬರುವ ದಾರಿಯಲ್ಲಿ, ಜಾಣೆ ನಾನು, ಕೇಳಿಯೇಬಿಟ್ಟೆ. ಅಪ್ಪ ನಿಂತರು. ಹಿಂದೆ ಮುಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು. "ಯಾರ ಮುಂದೂ ಹೇಳಬ್ಯಾಡ ರೂತಿ. ಅವ್ವನ ಮುಂದೂ" ಎಂದರು. ಅಪ್ಪ ನನ್ನನ್ನು ಬೇಡಿಕೊಂಡದ್ದು ಅದೇ ಮೊದಲು. ನನಗೆ ಅಳು ಬಂತು.

ಅವ್ವ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಚೆನ್ನಾಗಿ ಕನ್ನಡ ಓದುತ್ತಿದ್ದಳು. ಅವಳಿಗೆ ಗೊತ್ತಿರಲಿಲ್ಲ ಎಂದು ಈಗ ನನಗೆ ಅನಿಸುವುದಿಲ್ಲ; ಆದರೆ ಅವಳು ಹೇಳುವವಳಲ್ಲ.

ಅಷ್ಟರಲ್ಲಿ ಹೊಸ ಹುಕುಂ ಬಂತು. ಮಾಸ್ತರರೆಲ್ಲ ಕನ್ನಡ ಪರೀಕ್ಷೆಗೆ ಕೂಡಬೇಕು, ಪಾಸಾಗದವರಿಗೆ ತರಗತಿ ಇಲ್ಲ. ತರಗತಿ ಇಲ್ಲದ ಮಾಸ್ತರನನ್ನು ಏನು ಮಾಡುತ್ತಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮನೆಗೆ ಕಳಿಸುತ್ತಾರೆ ಎಂದು ಒಬ್ಬರು, ಜವಾನ ಮಾಡುತ್ತಾರೆ ಎಂದು ಒಬ್ಬರು. ಅಪ್ಪ ಮೂರು ರಾತ್ರಿ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಶಾಲೆ ಬಿಟ್ಟ ಮೇಲೆ ನನ್ನನ್ನು ಕರೆದು, ಬಾಗಿಲು ಓರೆ ಮಾಡಿ, "ನಿನ್ನ ಪುಸ್ತಕ ತಾ" ಎಂದರು. ಹೀಗೆ ನಾನು ನನ್ನ ಅಪ್ಪನ ಮಾಸ್ತರಳಾದೆ. ಆ ಹೆಮ್ಮೆಯನ್ನು ಏನು ಕೇಳುತ್ತೀರಿ! ಅಪ್ಪನ ಹಾಗೆಯೇ ಕೈ ಹಿಂದೆ ಕಟ್ಟಿ ಅತ್ತಿಂದಿತ್ತ ತಿರುಗಾಡಿ ಪಾಠ ಹೇಳುತ್ತಿದ್ದೆ. ಒಂದು ದಿನ ಸ್ಲೇಟಿಗೆ ಟಕ್ ಎನಿಸಿಯೂ ಬಿಟ್ಟೆ. ಅಪ್ಪ ತಲೆ ಎತ್ತಿ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಾಠಕ್ಕೆ ನಮಗೆ ಸಿಗುತ್ತಿದ್ದ ಹೊತ್ತು ಶಾಲೆ ಬಿಟ್ಟಾಗಿನಿಂದ ಅವ್ವ ದವಾಖಾನೆಯಿಂದ ಬರುವವರೆಗೆ. ಅದೇ ಹೊತ್ತಿಗೆ ಸರಿಯಾಗಿ ನಮ್ಮ ಗೋಡೆಗೆ ಹತ್ತಿದ ಮಾಣಿಕಪ್ಪನ ಹಿಟ್ಟಿನ ಗಿರಣಿ ಭರ್ತಿ ನಡೆಯುತ್ತಿತ್ತು.

ಆ ಗಿರಣಿಯನ್ನು ನೀವು ನೋಡಬೇಕಿತ್ತು. ಎಣ್ಣೆ ಎಂಜಿನ್ನು, ಎರಡು ಆಳುದ್ದದ ಪಟ್ಟಾ, ಬಿಸಿ ಹಿಟ್ಟಿನ ವಾಸನೆ. ಹಿಟ್ಟು ಬೀಳುವ ಬಟ್ಟೆಯ ಚೀಲಕ್ಕೆ ಕೆನ್ನೆ ತಾಗಿಸಿ ನಿಂತರೆ ಚಳಿಗಾಲದಲ್ಲಿ ಎಷ್ಟು ಹಿತವೆಂದರೆ, ಅವ್ವ ಬಂದು ರಟ್ಟೆ ಹಿಡಿದು ಎಳೆದೊಯ್ಯುವವರೆಗೂ ನಾನು ಅಲ್ಲೇ ಇರುತ್ತಿದ್ದೆ. ಮಾಣಿಕಪ್ಪನ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲಾ ಬೆಳ್ಳಗೆ. ಹಿಟ್ಟಿಲ್ಲದ ಅವನ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಎಂಜಿನ್ನಿನ ಪಕ್ಕ ಇಪ್ಪತ್ತು ವರ್ಷ ನಿಂತು ಅವನ ಕಿವಿ ಮಂದವಾಗಿತ್ತು. ಹೀಗಾಗಿ ಊರಿನವರೆಲ್ಲ ಪಿಸುಗುಡುತ್ತಾರೆಂದು ತಿಳಿದು ತಾನು ಕೂಗಿ ಮಾತಾಡುತ್ತಿದ್ದ. ಎಂಜಿನ್ನಿನ ಮೇಲಿನ ಗೋಡೆಗೆ ನಿಜಾಮರ ಕಾಲದ ಗಿರಣಿ ಪರವಾನಗಿಯನ್ನು ಕಟ್ಟು ಹಾಕಿಸಿ ತೂಗುಹಾಕಿದ್ದ. ಓದಲು ಬರೆಯಲು ಬಾರದವನು. ಆದರೂ ದಿನಾ ಬೆಳಿಗ್ಗೆ ಅದರ ಗಾಜು ಒರೆಸಿ ಕೈಮುಗಿಯುತ್ತಿದ್ದ.

ಗಿರಣಿಯ ಸದ್ದು ಒಂದು ತೂಕವಾದರೆ ಅದರ ಡಬ್ಬಿಯ ಸದ್ದು ಹತ್ತು ತೂಕ. ನಮ್ಮ ಕಡೆ ಗಿರಣಿಯವರು ಎಂಜಿನ್ನಿನ ಹೊಗೆಕೊಳವೆಯ ಬಾಯಿಗೆ ಬೇಕೆಂತಲೇ ಒಂದು ತಗಡಿನ ಡಬ್ಬಿ ಕಟ್ಟುತ್ತಿದ್ದರು. ಹೊಗೆ ಹೊಡೆದಾಗಲೆಲ್ಲ ಅದು ಕುಕ್, ಕುಕ್, ಕುಕ್ ಎಂದು ಊರಾಚೆಗೆ ಕೇಳುವಂತೆ ಕೂಗುತ್ತಿತ್ತು. ಅದು ಕೂಗಿದರೆ ಗಿರಣಿ ನಡೆದಿದೆ, ಜೋಳ ಹೊತ್ತು ಬರಬಹುದು ಎಂದು ಅರ್ಥ. ಕೂಗದಿದ್ದರೆ ಎಂಜಿನ್ನು ಕೆಟ್ಟಿದೆ, ಬರಬೇಡಿ ಎಂದು ಅರ್ಥ. ಎಂಜಿನ್ನು ವಾರಕ್ಕೆರಡು ಸಲ ಬೆಳಿಗ್ಗೆ ಕೆಟ್ಟು ಸಂಜೆಯ ಹೊತ್ತಿಗೆ ದುರಸ್ತಿಯಾಗುತ್ತಿದ್ದುದರಿಂದ ಭಾತಂಬ್ರಾ ದಾರಿಯ ಹೊಲಗಳಲ್ಲಿ ಇದ್ದ ಹೆಂಗಸರು ಮೊದಲು ಡಬ್ಬಿಗೆ ಕಿವಿಗೊಟ್ಟು ಆಮೇಲೆ ತಲೆಗೆ ಸಿಂಬಿ ಸುತ್ತುತ್ತಿದ್ದರು. ನಮ್ಮ ಓಣಿಯಲ್ಲಿ ಯಾರಿಗೂ ಅದರಿಂದ ತೊಂದರೆ ಇರಲಿಲ್ಲ. ಕೂಸುಗಳು ಅದರ ಲಯಕ್ಕೇ ನಿದ್ದೆ ಹೋಗುತ್ತಿದ್ದವು.

ತೊಂದರೆ ಆದದ್ದು ಅಪ್ಪನಿಗೆ ಮಾತ್ರ. ಪರೀಕ್ಷೆಯಲ್ಲಿ ಶುದ್ಧಬರಹ ಇರುತ್ತದೆಂದು ತಿಳಿದು ನಾನು ದಿನಾ ಹತ್ತು ಶಬ್ದ ಹೇಳಿ ಬರೆಸುತ್ತಿದ್ದೆ. ಮೂರನೆಯ ಶಬ್ದಕ್ಕೇ ಅಪ್ಪ ಬಳಪ ನಿಲ್ಲಿಸಿ, "ಕೇಳಸ್ಲಿಲ್ಲ, ಇನ್ನೊಮ್ಮಿ ಹೇಳು" ಎನ್ನುತ್ತಿದ್ದರು. ಇನ್ನೊಮ್ಮೆ ಹೇಳಿದರೆ, "ಈ ಸುಡುಗಾಡು ಡಬ್ಬಿ! ಏನೂ ಕೇಳಸ್ವಲ್ದು" ಎಂದು ಬಳಪ ಎಸೆಯುತ್ತಿದ್ದರು. ನಾನು ನಂಬಿದೆ. ಡಬ್ಬಿ ಇಲ್ಲದಿದ್ದರೆ ಅಪ್ಪ ಇಷ್ಟರಲ್ಲಿ ಒತ್ತಕ್ಷರಕ್ಕೆ ಬರುತ್ತಿದ್ದರು ಎಂದು ನನಗೆ ಖಾತ್ರಿ ಇತ್ತು.

ಅಪ್ಪ ಹೋಗಿ ಮಾಣಿಕಪ್ಪನಿಗೆ ಹೇಳಿದರು. "ಗಿರಣಿ ನಡೀಲಿ ಮಾಣಿಕಪ್ಪಾ, ಬ್ಯಾಡ ಅನ್ನಲ್ಲ. ಆ ಡಬ್ಬಿ ಒಂದು ತಗದುಬಿಡು."

"ಡಬ್ಬಿ ತಗದ್ರ ಹೊಲದಾಗಿನವರಿಗಿ ಹ್ಯಾಂಗ ಗೊತ್ತಾಗ್ಬೇಕ್ರಿ ಮಾಸ್ತರ್?" ಮಾಣಿಕಪ್ಪ ಇಡೀ ಓಣಿಗೆ ಕೇಳುವಂತೆ ಕೂಗಿದ. "ಹೆಣ್ಮಕ್ಕಳು ಜ್ವಾಳ ಹೊತ್ಕೊಂಡು ಬಂದು ಎಂಜಿನ್ ಬಂದ್ ಇದ್ರ, ಶಾಪ ಹಾಕ್ತಾರ್ರಿ ನನಗ. ನಿಮಗ ಭಾಳ ತಕಲೀಫ್ ಆಗ್ಲಾಕತ್ತದೇನ್ರಿ? ಕಿವ್ಯಾಗ ಹತ್ತಿ ಇಟ್ಕೊರಿ, ಕಾಶಮ್ಮಗ ಹೇಳಿ ಕೊಡಸ್ತೇನಿ." ನಿಜವಾಗಿಯೂ ಸಂಜೆ ಅವನ ಹೆಂಡತಿ ಕಾಶಮ್ಮ ಒಂದು ಹಿಡಿ ಹತ್ತಿ ತಂದು ಕೊಟ್ಟಳು. ಕಿವಿಗೆ ಹತ್ತಿ ಇಟ್ಟುಕೊಂಡು ಶುದ್ಧಬರಹ ಬರೆಯುವುದು ಹೇಗೆ?

ಅಪ್ಪ ಕಾನೂನಿನ ದಾರಿ ಹಿಡಿದರು. ಅರ್ಜಿ ಕನ್ನಡದಲ್ಲೇ ಇರಬೇಕೆಂದು ತಹಸೀಲ್ ಆಫೀಸಿನಲ್ಲಿ ಹೇಳಿದ್ದರು. ಹೀಗಾಗಿ ಅಪ್ಪ ಹೇಳಿದರು, ನಾನು ಬರೆದೆ. ಅಪ್ಪನ ಬಾಯಿಂದ ಬಂದದ್ದು ಉರ್ದು, ನನ್ನ ಕೈಯಿಂದ ಇಳಿದದ್ದು ಹೇಗೋ ಕನ್ನಡ. "ಗಿರಣಿಯ ಡಬ್ಬಿಯ ಕರ್ಕಶ ಶಬ್ದದಿಂದ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಧಕ್ಕೆಯಾಗಿ" ಎಂಬ ಸಾಲು ಬರೆದಾಗ ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟು ಖುಷಿಯಾಯಿತು. ವಿದ್ಯಾರ್ಥಿಗಳು ಎಂದರೆ ಯಾರೆಂದು ನಮ್ಮಿಬ್ಬರಿಗೇ ಗೊತ್ತು. ಹೆಸರು ಹಾಕುವ ಜಾಗಕ್ಕೆ ಬಂದಾಗ ಅಪ್ಪ ಎದ್ದು ಬಾಗಿಲು ಓರೆ ಮಾಡಿ ಬಂದರು. ಆಮೇಲೆ "ಓಣಿಯ ಸಮಸ್ತ ರಹವಾಸಿಗಳು, ಅಂತ ಬರಿ" ಎಂದರು. ದುಂಡಗೆ ಬರೆದು ಕೆಳಗೆ ಒಂದು ಗೆರೆಯನ್ನೂ ಎಳೆದೆ.

ಆಫೀಸಿಗೆ ನನ್ನನ್ನೂ ಕರೆದೊಯ್ದರು. ಏನಾದರೂ ಓದಬೇಕಾಗಿ ಬಂದರೆ ಎಂಬ ಭಯ ಇರಬೇಕು. ಅಲ್ಲಿ ಮೈಸೂರು ಕಡೆಯಿಂದ ಹೊಸದಾಗಿ ಬಂದ ಗುಮಾಸ್ತರು ಇದ್ದರು, ತೆಳ್ಳಗೆ, ನಮ್ಮ ಬಿಸಿಲಿಗೆ ಬಾಡಿದವರು. ಅರ್ಜಿ ಓದಿ, "ಅಕ್ಷರ ಮುತ್ತಿನ ಹಾಗಿದೆಯಲ್ಲ ಮೇಷ್ಟ್ರೇ" ಎಂದರು. ಅಪ್ಪ ಅದು ತಮ್ಮದೇ ಎಂಬಂತೆ ತಲೆ ತಗ್ಗಿಸಿದರು. "ಆದರೆ ಶಬ್ದದ ವಿಷಯಕ್ಕೆ ಕಾನೂನು ಯಾವುದು ಅಂತ ನನಗೆ ತಿಳಿಯದು. ಹೊಸದು ಇನ್ನೂ ಬಂದಿಲ್ಲ. ಹಳೇದು ಆ ಬೀರುವಿನಲ್ಲಿದೆ, ಎಲ್ಲಾ ಉರ್ದು. ಓದೋರು ವರ್ಗ ಆಗಿ ಹೋದರು."

"ತಾ ಇಲ್ಲಿ" ಎಂದರು ಅಪ್ಪ.

ದಪ್ಪ ರಟ್ಟಿನ ಪುಸ್ತಕ, ಧೂಳು. ಅಪ್ಪ ಅದನ್ನು ಮೇಜಿನ ಮೇಲೆ ಬಿಡಿಸಿ, ಬಲಗಡೆಯಿಂದ ಪುಟ ತಿರುವಿ, ಬೆರಳಿಟ್ಟು ನಿಲ್ಲಿಸಿದರು. ಓದತೊಡಗಿದರು. ಎಂಥ ಓದು ಅದು! ಒಂದು ಸಾಲು ಉರ್ದುವಿನಲ್ಲಿ ಗಟ್ಟಿಯಾಗಿ, ಮರುಸಾಲಿನಲ್ಲಿ ಅದರ ಅರ್ಥ ಕನ್ನಡದಲ್ಲಿ. ವಸತಿಯ ನಡುವೆ ಎಂಜಿನ್ನು ಇಡುವವರು ಪರವಾನಗಿ ತೋರಿಸಬೇಕು, ಆಮ್ ಜನರಿಗೆ ತಕಲೀಫ್ ಆಗುವ ಶಬ್ದ ಮಾಡುವ ಸಾಮಾನು ತೆಗೆಸುವ ಅಧಿಕಾರ ಆಫೀಸಿಗೆ ಇದೆ. ಗುಮಾಸ್ತರು ಎದ್ದು ನಿಂತು ಕೇಳಿದರು. ನನಗೆ ಅಪ್ಪ ಎರಡು ಗೇಣು ಬೆಳೆದಂತೆ ಕಂಡರು. ಹಲವು ತಿಂಗಳಿಂದ ನಾನು ಬಗ್ಗಿದ ಅಪ್ಪನನ್ನೇ ನೋಡಿದ್ದೆ. ಕಾಯ್ದೆಯ ಆ ಕಲಮು ಮುಂದಿನ ಪುಟಕ್ಕೂ ಹರಿದಿತ್ತು. ಅಪ್ಪ ತಮಗೆ ಬೇಕಾದ ಸಾಲು ಸಿಕ್ಕ ಮೇಲೆ ಪುಸ್ತಕ ಮುಚ್ಚಿದರು.

ಎಂಟು ಹತ್ತು ದಿನಕ್ಕೆ ನೋಟೀಸು ಬಂತು. ಒಂದು ಸಂಜೆ ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದರು, ನಾನು ಪಕ್ಕದಲ್ಲಿ. ಗಿರಣಿ ನಿಲ್ಲಿಸಿ ಮಾಣಿಕಪ್ಪ ನೆಟ್ಟಗೆ ನಮ್ಮ ಹತ್ತಿರವೇ ಬಂದ. ಓಣಿಯಲ್ಲಿ ಯಾರ ಮನೆಗೆ ಕಾಗದ ಬಂದರೂ ಬರುವುದು ಅಪ್ಪನ ಹತ್ತಿರವೇ. ಉರ್ದು ಇದ್ದ ಕಾಲದಿಂದ ನಡೆದುಬಂದದ್ದು.

"ಸರ್ಕಾರದ್ದು ಏನೋ ಕಾಗದ ಬಂದದ್ರಿ. ಓದಿ ಹೇಳ್ರಿ ಮಾಸ್ತರ್."

ಅಪ್ಪ ಕಾಗದ ತೆಗೆದುಕೊಂಡರು. ಚರ್ಚಿನ ಪುಸ್ತಕದ ಹಾಗೆ ಎರಡೂ ಕೈಯಲ್ಲಿ ಎದೆಯೆತ್ತರಕ್ಕೆ ಹಿಡಿದರು. ಕಣ್ಣು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಿತು. ಆಮೇಲೆ ಅಪ್ಪ ಗಂಭೀರವಾಗಿ ಹೇಳಿದರು: "ಡಬ್ಬಿ ತಗೀಬೇಕು ಅಂತ ಬರ್ದಾರ. ಜನರಿಗಿ ತ್ರಾಸ ಆಗ್ತದಂತ."

"ಇಷ್ಟೇ ಏನ್ರಿ?"

"ಇಷ್ಟೇ."

ಮಾಣಿಕಪ್ಪ ನಿಟ್ಟುಸಿರು ಬಿಟ್ಟ. "ನಾ ಏನೋ ಅಂತ ಹೆದರಿದ್ದೆನ್ರಿ. ಸರ್ಕಾರ ಹೇಳಿದ ಮ್ಯಾಲ ಆಯ್ತು, ತಗದ್ರಾಯ್ತು." ಕಾಗದ ಮಡಿಚಿಕೊಡೆಂದು ಅಪ್ಪ ನನ್ನ ಕೈಗೆ ಕೊಟ್ಟರು. ಮಡಿಚುವಷ್ಟರಲ್ಲಿ ಓದಿಬಿಟ್ಟೆ. ಚಟ, ಹೇಳಿದೆನಲ್ಲ. ಡಬ್ಬಿಯ ಮಾತು ಒಂದೇ ಸಾಲು. ಅದರ ಕೆಳಗೆ: ಈ ನೋಟೀಸು ಮುಟ್ಟಿದ ಹದಿನೈದು ದಿನದೊಳಗೆ ಖುದ್ದು ಹಾಜರಾಗಿ ಗಿರಣಿಯ ಪರವಾನಗಿ ತೋರಿಸತಕ್ಕದ್ದು, ತಪ್ಪಿದಲ್ಲಿ ಪರವಾನಗಿ ರದ್ದುಮಾಡಿ ಗಿರಣಿಗೆ ಬೀಗ ಹಾಕಲಾಗುವುದು. ಇಷ್ಟೇ ಬೇಕಾಗಿತ್ತು: ಗೋಡೆಯ ಮೇಲಿದ್ದ ಆ ಕಟ್ಟನ್ನು ಇಳಿಸಿ, ಕಂಕುಳಲ್ಲಿಟ್ಟುಕೊಂಡು ಹೋಗಿ ತೋರಿಸಿ ಬರುವುದು. ನಾನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮಾಣಿಕಪ್ಪನ ಕೈಗೆ ಕೊಟ್ಟೆ.

ಅವನು ಹೋದ ಮೇಲೆ ಅಪ್ಪನಿಗೆ ಹೇಳಿದೆ. ಅಪ್ಪ ಗೋಡೆಗೆ ಒರಗಿದರು. "ಖರೇನ?" ಎಂದರು. "ಖರೇ ಅಪ್ಪಾ. ಹದಿನೈದು ದಿನ ಅಂತ ಅದ." ಗಿರಣಿಯ ಕಡೆ ನೋಡಿ, "ನಾ ಹೇಳ್ತೇನಿ. ನೀ ಬಾಯಿ ಬಿಡಬ್ಯಾಡ" ಎಂದರು.

ಮರುದಿನ ಡಬ್ಬಿ ಇರಲಿಲ್ಲ. ಎಂಜಿನ್ನು ಗಂಟಲು ಕಟ್ಟಿದವರ ಹಾಗೆ ಗೊರಗೊರ ಎನ್ನುತ್ತಿತ್ತು. ಹೊಲದ ಹೆಂಗಸರು ಬರುವುದು ಕಡಿಮೆಯಾಯಿತು. ಗಿರಣಿ ಕೆಟ್ಟಿದೆ ಎಂದುಕೊಂಡರು ಪಾಪ. ಮಾಣಿಕಪ್ಪ ಬಾಗಿಲಲ್ಲಿ ನಿಂತು ಭಾತಂಬ್ರಾ ದಾರಿಯ ಕಡೆ ನೋಡುತ್ತಿದ್ದ. ಅಪ್ಪ ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ನಾನು ಎಣಿಸುತ್ತಿದ್ದೆ. ಹೇಳುವುದಾದರೂ ಹೇಗೆ? ಮೊದಲ ದಿನವೇ ಓದಿದ ಕಾಗದದಲ್ಲಿ ಎರಡನೆಯ ದಿನ ಹೊಸ ಸಾಲು ಹುಟ್ಟಿತು ಎನ್ನಲು ಬರುತ್ತದೆಯೇ? ತಪ್ಪು ಓದಿದೆ ಎಂದರೆ ಯಾಕೆ ತಪ್ಪು ಓದಿದಿರಿ ಎಂದು ಕೇಳುತ್ತಾರೆ. ಮಾಣಿಕಪ್ಪ ಕೇಳುವುದೆಂದರೆ ಇಡೀ ಭಾಲ್ಕಿಗೆ ಕೇಳುವ ಹಾಗೆ. ಪರೀಕ್ಷೆ ಇನ್ನೂ ಬಾಕಿ ಇತ್ತು. ಇದೆಲ್ಲ ನಾನು ಈಗ ಕೂಡಿಸಿ ಹೇಳುತ್ತಿರುವ ಲೆಕ್ಕ. ಆಗ ನನಗೆ ತಿಳಿದದ್ದು ಅಪ್ಪ ಪಾಠಕ್ಕೆ ಕರೆಯುತ್ತಿಲ್ಲ, ನನ್ನ ಕಣ್ಣಿಗೆ ಕಣ್ಣು ಕೊಡುತ್ತಿಲ್ಲ ಎಂಬುದಷ್ಟೇ.

"ಅಪ್ಪಾ, ಇನ್ನ ಆರು ದಿನ" ಎಂದೆ ಒಂದು ದಿನ. "ನಿನ್ನ ಪಾಠ ನೋಡು" ಎಂದರು.

ಜೋಳ ಬೀಸಿಸುವ ನೆಪ ಮಾಡಿ ನಾನೇ ಗಿರಣಿಗೆ ಹೋದೆ. ಮಾಣಿಕಪ್ಪ ನನ್ನ ಪುಟ್ಟಿ ಇಳಿಸಿಕೊಂಡು, "ಯಾಕ ಮಗಳ, ಮಾರಿ ಸಣ್ಣ ಮಾಡೀದಿ?" ಎಂದು ಕೂಗಿದ. ಗೋಡೆಯ ಮೇಲಿನ ಕಟ್ಟು ನೋಡಿದೆ. ಗಾಜು ಅವತ್ತೂ ಒರೆಸಿದ್ದ. ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಿದರೆ ಅಪ್ಪನನ್ನು ಜವಾನ ಮಾಡುತ್ತಾರೆ, ಚರ್ಚಿನಲ್ಲಿ ಎಲ್ಲರೂ ಅಪ್ಪನ ಕೈಯ ಪುಸ್ತಕ ನೋಡುತ್ತಾರೆ. "ಸಣ್ಣಗೆ ಬೀಸ್ರಿ" ಎಂದು ಹೇಳಿ ಬಿಸಿ ಹಿಟ್ಟು ಹೊತ್ತು ಮನೆಗೆ ಬಂದೆ.

ಗಡುವು ಮುಗಿದ ಮೇಲೆ ಇಬ್ಬರು ಜವಾನರು ಬಂದು ಗಿರಣಿಯ ಬಾಗಿಲಿಗೆ ಬೀಗ ಜಡಿದು ಅರಗು ಹಚ್ಚಿ ಹೋದರು. ಹಗಲು ಹೊತ್ತು, ಓಣಿ ತುಂಬ ಜನ. ಮಾಣಿಕಪ್ಪ ಜಗಳ ತೆಗೆಯಲಿಲ್ಲ. "ಡಬ್ಬಿ ತಗದೇನಲ್ರಿ, ನೋಡ್ರಿ, ತಗದೇನಿ" ಎಂದು ಕೊಳವೆಯ ಬೋಳು ಬಾಯಿಯನ್ನು ತೋರಿಸಿ ತೋರಿಸಿ ಹೇಳುತ್ತಿದ್ದ. ಅಪ್ಪ ಶಾಲೆಯಲ್ಲಿದ್ದರು.

ಅವತ್ತು ಸಂಜೆ ಮತ್ತೆ ಪಾಠಕ್ಕೆ ಕುಳಿತೆವು. ಆ ಹೊತ್ತಿನಲ್ಲಿ ಓಣಿ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕೇಳಿರಲೇ ಇಲ್ಲ. ಮೊದಲ ಶಬ್ದ ಹೇಳಿದೆ, ಬರೆದರು. ಎರಡನೆಯದು ಬರೆದರು. ಮೂರನೆಯದು ಹೇಳಿದೆ. ಅಪ್ಪನ ಬಳಪ ಸ್ಲೇಟಿನ ಮೇಲೆ ನಿಂತಿತು. ತುಟಿ ಅಲುಗಿತು. ಕೇಳಸ್ಲಿಲ್ಲ ಎನ್ನುತ್ತಾರೆಂದು ನಾನು ಕಾದೆ. ಅಪ್ಪ ಬಳಪ ಕೆಳಗಿಟ್ಟು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಮೊದಲಿನಿಂದಲೂ ಅವರಿಗೆ ಎಲ್ಲಾ ಕೇಳಿಸುತ್ತಿತ್ತು. ಬರೆಯಲು ಬರುತ್ತಿರಲಿಲ್ಲ, ಅಷ್ಟೇ. ನನಗೆ ಆಗ ತಿಳಿಯಿತು, ತಿಳಿಯಬಾರದಿತ್ತು.

ಪರೀಕ್ಷೆಯ ಸುದ್ದಿ ಹೇಳದಿದ್ದರೆ ನೀವು ಕೇಳುತ್ತೀರಿ. ಪರೀಕ್ಷೆಗೆ ಬಂದ ಸಾಹೇಬರು ವಯಸ್ಸಾದವರು, ಕರುಣೆಯುಳ್ಳವರು. ಹಲಗೆಯ ಮೇಲೆ ನಾಲ್ಕು ಸಾಲು ಬರೆದು, ಇದನ್ನು ನೋಡಿ ಬರೆಯಿರಿ ಎಂದರಂತೆ. ಎಲ್ಲರೂ ಪಾಸು. ಒಬ್ಬರನ್ನೂ ಮನೆಗೆ ಕಳಿಸಲಿಲ್ಲ, ಯಾರನ್ನೂ ಜವಾನ ಮಾಡಲಿಲ್ಲ. ಅಪ್ಪ ಆ ಸುದ್ದಿಯನ್ನು ಊಟದ ನಡುವೆ ತಲೆ ಎತ್ತದೆ ಹೇಳಿದರು. ಅವ್ವ ಸಿಹಿ ಮಾಡುತ್ತೇನೆಂದಳು. ಬೇಡ ಎಂದರು.

ಮಾಣಿಕಪ್ಪ ಆ ಹೊತ್ತಿಗೆ ಆಫೀಸಿಗೆ ಅಲೆದು ಸೋತಿದ್ದ. ಹೊಸದಾಗಿ ಅರ್ಜಿ ಹಾಕಬೇಕು, ಅದು ಬೀದರಿಗೆ ಹೋಗಬೇಕು, ಅಲ್ಲಿಂದ ಬೆಂಗಳೂರಿಗೆ ಹೋಗಿ ಬರಬೇಕು ಎಂದಿದ್ದರಂತೆ. ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ ಅವನ ಅಣ್ಣನ ಹೊಲ ಇತ್ತು; ಅಲ್ಲಿಗೆ ಹೋಗುವುದೆಂದು ಗಂಡ ಹೆಂಡತಿ ನಿಶ್ಚಯಿಸಿದರು. ಹೋಗುವ ದಿನ ಬೆಳಿಗ್ಗೆ ಗಾಡಿಯಲ್ಲಿ ಸಾಮಾನು ಹೇರಿ, ಕಾಶಮ್ಮನನ್ನು ಕೂರಿಸಿ, ಮಾಣಿಕಪ್ಪ ನಮ್ಮ ಕಟ್ಟೆಗೆ ಬಂದ. ಮೀಸೆಯಲ್ಲಿ ಹಿಟ್ಟು ಇರಲಿಲ್ಲ. ಮೀಸೆ ಇನ್ನೂ ಬೆಳ್ಳಗೇ ಇತ್ತು. ಅವನಿಗೆ ಅಷ್ಟು ವಯಸ್ಸಾಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

"ಹೋಗಿ ಬರ್ತೇನ್ರಿ ಮಾಸ್ತರ್" ಎಂದ, ಎಂದಿನಂತೆ ಕೂಗಿ. "ಒಂದು ಮಾತು ಹೇಳಿ ಹೋಗ್ಬೇಕಂತ ಬಂದೆ. ಆಫೀಸಿನ್ಯಾಗ ಆ ಮೈಸೂರ ಸಾಹೇಬ ಏನಂತಾನ, ಕಾಗದದಾಗ ಹದಿನೈದು ದಿನ ಅಂತ ಬರ್ದಿತ್ತು, ನಿನಗ ಓದಿ ಹೇಳ್ದವರು ತಪ್ಪು ಹೇಳ್ಯಾರ ಅಂತಾನ್ರಿ. ನನಗ ಸಿಟ್ಟು ಬಂತು. ನಾ ಅಂದೆ, ಓದಿದವರು ಯಾರು ಗೊತ್ತದೇನ್ರಿ? ನಮ್ಮ ಪ್ರಭುದಾಸ ಮಾಸ್ತರ್. ನಿಮ್ಮ ಹಳೀ ಕಾಯ್ದಾ ಪುಸ್ತಕ ಓದ್ಲಿಕ್ಕಿ ನಿಮಗೇ ಬರಾಂಗಿಲ್ಲ, ಅವರೇ ಓದಿ ಹೇಳ್ಬೇಕಾಗ್ಯದ ಅಂತ ಕೇಳೇನಿ. ಅವರು ತಪ್ಪು ಓದಾಂಗಿಲ್ಲ. ನೀವೇ ಹಿಂದಿಂದ ಏನೋ ಬರ್ಕೊಂಡೀರಿ ಅಂದೆ. ನನ್ನ ಗಿರಣಿ ಹೋದ್ರ ಹೋಗ್ಲಿ, ನಿಮ್ಮ ಹೆಸರಿಗಿ ಅಂವ ಮಾತು ಹಚ್ಚಬಾರದ್ರಿ. ದೇವರ ಮ್ಯಾಲ ಆಣಿ ಮಾಡಿ ಹೇಳಿ ಬಂದೇನಿ."

ಬಾಗಿಲು ಬಾಗಿಲಲ್ಲಿ ನಿಂತು ಓಣಿಯವರು ಕೇಳುತ್ತಿದ್ದರು. ಯಾರೋ "ಖರೇ ಅದ" ಎಂದರು. ಅಪ್ಪ ಎದ್ದು ನಿಂತರು. ಬಾಯಿ ತೆರೆದರು. ಈಗ ಹೇಳುತ್ತಾರೆ ಎಂದು ನಾನು ಅವರ ಧೋತರದ ಅಂಚು ಹಿಡಿದುಕೊಂಡೆ.

"ನೀರು ಕುಡೀತೀ ಏನು ಮಾಣಿಕಪ್ಪಾ?" ಎಂದರು ಅಪ್ಪ.

ನಾನು ಒಳಗೆ ಹೋಗಿ ನೀರು ತಂದುಕೊಟ್ಟೆ. ಅವನು ನಿಂತೇ ಗಟಗಟ ಕುಡಿದು, ಚೊಂಬು ನನ್ನ ಕೈಗಿಟ್ಟು, ತಲೆಯ ಮೇಲೆ ಕೈಯಿಟ್ಟು, "ಅಪ್ಪನ್ಹಾಂಗ ಓದು" ಎಂದ. ಅವನು ಕಟ್ಟೆ ಇಳಿದು, ಅರಗು ಹಚ್ಚಿದ ಬಾಗಿಲು ದಾಟಿ, ಗಾಡಿಯ ಹತ್ತಿರ ಹೋಗುವವರೆಗೆ ನನಗೆ ಬಹಳ ಹೊತ್ತು ಇತ್ತು. ಎತ್ತಿನ ಕೊರಳ ಗೆಜ್ಜೆ ಸಹ ಅಲುಗಿರಲಿಲ್ಲ. ನಾನು ಹೇಳಿದ್ದರೆ ಆ ಮಂದ ಕಿವಿಗೂ ಕೇಳಿಸುತ್ತಿತ್ತು.